ಬಕಿಂಗ್‌ಹ್ಯಾಮ್ ಕಾಲುವೆಯನ್ನು ಮೋರಿ ಅನ್ನಬೇಡಿ

ಪ್ರಿಯ ಓದುಗರೇ,

ಕೋಲಾರದಿಂದ ನೀವು ಬರೆದ ಪತ್ರ ತಲುಪಿತು. ಮಗಳ ಮನೆಗೆಂದು ಚೆನ್ನೈಗೆ ಹೋಗಿದ್ದಾಗ ಮೈಲಾಪುರದ ಮೇಲ್ಸೇತುವೆ ರೈಲಿನಿಂದ ಕೆಳಗೆ ಕಪ್ಪು ನೀರು ಕಂಡಿರಿ. ಅದೇ ಬಕಿಂಗ್‌ಹ್ಯಾಮ್ ಕಾಲುವೆ ಅಂತ ಅಳಿಯಂದಿರು ಹೇಳಿದರು. ‘ಹಳೇ ಕಾಲುವೆಗಳ ಲೇಖನದಲ್ಲಿ ಈ ಮೋರಿಗೆ ಯಾಕೆ ಜಾಗ ಕೊಟ್ಟಿರಿ? ಬ್ರಿಟಿಷರು ಚೆನ್ನಾಗಿ ಕಟ್ಟಿಕೊಟ್ಟರು, ನಾವು ಕೆಡಿಸಿದೆವು, ಅಷ್ಟೇ ಅಲ್ವಾ?’ ಅಂತ ಕೇಳಿದ್ದೀರಿ. ಅದರ ದಂಡೆಯ ಊರುಗಳಲ್ಲಿ ನೋಡುವಂಥದ್ದು ಏನಾದರೂ ಉಳಿದಿದೆಯಾ ಅಂತಲೂ ಕೇಳಿದ್ದೀರಿ.

ಕೆಡಿಸಿದ್ದು ನಾವೇ, ಒಪ್ಪಿದೆ. ಕಟ್ಟಿದ್ದು ಯಾರು ಅನ್ನುವಲ್ಲಿ ನನ್ನ ತಕರಾರಿದೆ.

ಮೊದಲ ತುಂಡು ಒಬ್ಬ ವ್ಯಾಪಾರಿಯದು. ಬೆಸಿಲ್ ಕಾಕ್ರೇನ್ ಅನ್ನುವವನು 1806ರ ಹೊತ್ತಿಗೆ ಮದ್ರಾಸಿನಿಂದ ಎಣ್ಣೂರಿನವರೆಗೆ ಕಾಲುವೆ ತೋಡಿಸಿದ. ಆಮೇಲೆ ಅದು ಪುಲಿಕಾಟ್ ಸರೋವರ ಮುಟ್ಟಿತು. 1837ರಲ್ಲಿ ಸರ್ಕಾರದ ಕೈಗೆ ಬಂತು. ಇದು ನೀರಾವರಿ ಕಾಲುವೆಯಲ್ಲ, ಇದರ ನೀರು ಉಪ್ಪು. ಕರಾವಳಿಗೆ ಸಮನಾಗಿ, ದಡದಿಂದ ಸ್ವಲ್ಪ ಒಳಗೆ ಇರುವ ಹಿನ್ನೀರುಗಳನ್ನು ಒಂದಕ್ಕೊಂದು ಜೋಡಿಸಿ ದೋಣಿಗೆ ದಾರಿ ಮಾಡಿದರು. ಮದ್ರಾಸಿನ ಕಡಲಲ್ಲಿ ಅಲೆಯ ಹೊಡೆತ ಜಾಸ್ತಿ. ಒಳಗಿನ ನೀರಲ್ಲಿ ಸಣ್ಣ ದೋಣಿಗೂ ಆ ಭಯವಿಲ್ಲ.

ಆದರೆ ಮದ್ರಾಸು ನಗರದ ಮಧ್ಯೆ ಕೂವಂ ನದಿಗೂ ಅಡ್ಯಾರ್ ನದಿಗೂ ನಡುವೆ ದಾರಿ ಇರಲಿಲ್ಲ. ಆ ಸುಮಾರು 8 ಕಿಲೋಮೀಟರ್ ತೋಡಿದ್ದು 1877–78ರಲ್ಲಿ. ನೀವು ರೈಲಿನಿಂದ ನೋಡಿದ್ದು ಅದನ್ನೇ. ಆ ಇಸವಿ ಹೇಳಿದರೆ ಕೋಲಾರದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅದು ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರದ ಕಾಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನ 1881ಕ್ಕೆ 42 ಲಕ್ಷಕ್ಕೆ ಇಳಿದಿದ್ದರು. ನಿಮ್ಮ ಕೋಲಾರ, ಪಕ್ಕದ ತುಮಕೂರು ಅತಿ ಹೆಚ್ಚು ನಲುಗಿದವು. ಮದ್ರಾಸು ಪ್ರಾಂತ್ಯವನ್ನು ಕಾಡಿದ್ದೂ ಅದೇ ಬರ.

ಹಸಿದ ಜನಕ್ಕೆ ಕೂಲಿ ಕೊಡೋದಕ್ಕೆ ಅಂತ ಸರ್ಕಾರ ಮಣ್ಣಿನ ಕೆಲಸ ತೆಗೆಯಿತು. ಕಾಲುವೆ ಅದರಲ್ಲಿ ಒಂದು. ಕೂಲಿ ಎಷ್ಟಿರಬೇಕು ಅನ್ನುವುದೇ ಆಗ ದೊಡ್ಡ ಜಗಳ. ಖರ್ಚು ಕಮ್ಮಿ ಮಾಡಲು ಕಲ್ಕತ್ತೆಯ ಸರ್ಕಾರ ರಿಚರ್ಡ್ ಟೆಂಪಲ್‌ನನ್ನು ಕಳಿಸಿತು. ದಿನವಿಡೀ ದುಡಿಯುವ ಗಂಡಾಳಿಗೆ 1 ಪೌಂಡ್ ಧಾನ್ಯ, ಜೊತೆಗೆ 1 ಆಣೆ ಸಾಕು ಅಂತ ಅವನು ಗೊತ್ತುಮಾಡಿದ. 1 ಪೌಂಡ್ ಅಂದರೆ ನಮ್ಮ ಅರ್ಧ ಕೆಜಿಗೂ ಕಮ್ಮಿ. ಗುದ್ದಲಿ ಹಿಡಿದು ಬಿಸಿಲಲ್ಲಿ ಮಣ್ಣು ಅಗೆಯುವವನಿಗೆ ಇಷ್ಟು! ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಮ್ಮಿ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದನ್ನು ಪಟ್ಟುಹಿಡಿದು ವಿರೋಧಿಸಿದರು. ಇಷ್ಟರಲ್ಲಿ ದುಡಿದರೆ ಜನ ಸಾಯುತ್ತಾರೆ ಅಂತ ಲೆಕ್ಕ ಸಮೇತ ವಾದಿಸಿದರು. ಕೊನೆಗೆ ಕೂಲಿ ಸ್ವಲ್ಪ ಏರಿತು. ಕಾರ್ನಿಶ್ ಬಗ್ಗೆ ನನಗೆ ಬಹಳ ಗೌರವವಿದೆ.

ಕಾಲುವೆಗೆ ಇಟ್ಟಿದ್ದು ಆಗಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್‌ನ ಹೆಸರು. ತೋಡಿದವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ‘ಬ್ರಿಟಿಷರು ಕಟ್ಟಿಕೊಟ್ಟರು’ ಅನ್ನುವ ಮಾತು ಅದಕ್ಕೇ ನನಗೆ ಸಹಿಸೋದಿಲ್ಲ.

ಈಗ ಊರುಗಳ ವಿಷಯ. ಉತ್ತರದಲ್ಲಿ ಆಂಧ್ರದ ಪೆದಗಂಜಾಂನಿಂದ ದಕ್ಷಿಣದಲ್ಲಿ ತಮಿಳುನಾಡಿನ ಮರಕ್ಕಾಣಂವರೆಗೆ ಕಾಲುವೆಯ ಉದ್ದ ಸುಮಾರು 420 ಕಿಲೋಮೀಟರ್. ಮದ್ರಾಸಿನ ಒಲೆಗಳು ಉರಿದಿದ್ದು ಇದರಿಂದಲೇ ಅಂದರೂ ತಪ್ಪಿಲ್ಲ. ಶ್ರೀಹರಿಕೋಟದ ಕಾಡಿನ ಸೌದೆ ದೋಣಿ ತುಂಬಿಕೊಂಡು ಬರುತ್ತಿತ್ತು. ಹೌದು, ಇವತ್ತು ರಾಕೆಟ್ ಹಾರುವ ಅದೇ ಶ್ರೀಹರಿಕೋಟ. ಉಪ್ಪು, ಒಣಮೀನು, ಸುಣ್ಣ ಸುಡುವ ಕಪ್ಪೆಚಿಪ್ಪು ಕೂಡ ಹೀಗೇ ಬರುತ್ತಿದ್ದವು. ಗಾಳಿ ಇದ್ದರೆ ಹಾಯಿ ಬಿಚ್ಚುತ್ತಿದ್ದರು. ಇಲ್ಲದಿದ್ದರೆ ಆಳುಗಳು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಮುಂದಕ್ಕೆ ಬಾಗಿ, ದಂಡೆಯ ಮೇಲೆ ನಡೆದು ದೋಣಿ ಎಳೆಯುತ್ತಿದ್ದರು.

ರೈಲು, ಲಾರಿ ಬಂದ ಮೇಲೆ ದೋಣಿ ಕಮ್ಮಿಯಾದವು. 1960ರ ದಶಕದ ಚಂಡಮಾರುತಗಳು ದಂಡೆ ಕಿತ್ತುಹಾಕಿದವು, ಹೂಳು ತುಂಬಿತು. ಚೆನ್ನೈನೊಳಗೆ ಕೊಳಚೆ ಬಿಟ್ಟರು. ನೀವು ಕೂತಿದ್ದ ಆ ರೈಲಿನ ಕಂಬಗಳನ್ನು ಕಾಲುವೆಯೊಳಗೇ ನಿಲ್ಲಿಸಿದರು.

ಇಷ್ಟಾದರೂ 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಈ ಕಾಲುವೆ ಕೆಲಸಕ್ಕೆ ಬಂತು. ಆಂಧ್ರದಿಂದ ಚೆನ್ನೈವರೆಗಿನ ದಂಡೆಯಲ್ಲಿ ನುಗ್ಗಿದ ನೀರಿನ ಬಹುಪಾಲನ್ನು ಇದು ಹಿಡಿದುಕೊಂಡಿತು, ಸ್ವಲ್ಪ ಹೊತ್ತಿನಲ್ಲೇ ಕಡಲಿಗೆ ವಾಪಸ್ ಹರಿಸಿತು. ಅದರ ಹಿಂದಿದ್ದ ಎಷ್ಟೋ ಮೀನುಗಾರರ ಹಟ್ಟಿಗಳು ಉಳಿದುಕೊಂಡವು. 2008ರಲ್ಲಿ ಕೇಂದ್ರ ಸರ್ಕಾರ ಇದನ್ನು 4ನೇ ರಾಷ್ಟ್ರೀಯ ಜಲಮಾರ್ಗಕ್ಕೆ ಸೇರಿಸಿತು. ಚೆನ್ನೈನ ಕೊಳಚೆ ನಿಲ್ಲಿಸದೆ ಆ ಘೋಷಣೆಯಿಂದ ಏನೂ ಆಗದು ಅನ್ನುವುದು ನನ್ನ ಅಭಿಪ್ರಾಯ.

ಮುಂದಿನ ಸಲ ಹೋದಾಗ ಮೈಲಾಪುರಕ್ಕೇ ನಿಲ್ಲಬೇಡಿ. ಒಂದು ದಿನ ಪುಲಿಕಾಟ್‌ಗೆ ಹೋಗಿ. ಡಚ್ಚರ ಹಳೇ ಗೋರಿಗಳಿವೆ, ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಇನ್ನೊಂದು ದಿನ ಸಿಕ್ಕರೆ ದಕ್ಷಿಣಕ್ಕೆ, ಮರಕ್ಕಾಣಂನ ಉಪ್ಪಿನ ಗದ್ದೆಗಳ ಕಡೆ ಹೋಗಿ. ಮಹಾಬಲಿಪುರ ದಾರಿಯಲ್ಲೇ ಸಿಗುತ್ತದೆ, ಅಲ್ಲಿಯೂ ಊರಿಗೆ ಹೊಂದಿಕೊಂಡೇ ಈ ಕಾಲುವೆ ಇದೆ. ನೋಡಿ ಬಂದು ಮತ್ತೆ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ