ಕರೆಂಟ್ ಕೊಟ್ಮೇಲೆ ಅತ್ತೆ ಹತ್ರ ಮಗೂನ ಬಿಡಬಹುದಾ?

ಪ್ರಶ್ನೆ: ನಮ್ಮತ್ತೆಗೆ ಸ್ತನದ ಕ್ಯಾನ್ಸರ್ ಆಪರೇಷನ್ ಆಗಿ ಈಗ ದಿನಾ ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊಡಿಸ್ತಿದೀವಿ, ಪರೇಲ್‌ಗೆ ಲೋಕಲ್‌ನಲ್ಲೇ ಹೋಗಿ ಬರೋದು. ಪಕ್ಕದ ಮನೆಯವರು "ರೇಡಿಯೇಷನ್ ಹರಡತ್ತೆ, ಮಗೂನ ದೂರ ಇಡಿ" ಅಂತಾರೆ, ಅವರ ಮನೇಲಿ ಥೈರಾಯ್ಡ್ ಕ್ಯಾನ್ಸರ್‌ಗೆ ಔಷಧಿ ಕುಡಿಸಿದವರನ್ನ ಬೇರೆ ರೂಮಲ್ಲೇ ಇಟ್ಟಿದ್ರಂತೆ. ಹೆದರಿ ಅತ್ತೆ ತಟ್ಟೆ ಲೋಟ ಬೇರೆ ಮಾಡಿದೀನಿ, ಅವರು ಊಟಾನೇ ಬಿಟ್ಟಿದಾರೆ.
– ಗೃಹಿಣಿ, ಡೊಂಬಿವಲಿ

ಉತ್ತರ: ನೋಡೀಮ್ಮಾ, ಮೊದ್ಲು ಎದ್ದು ಹೋಗಿ ಆ ತಟ್ಟೆ ಲೋಟ ಮತ್ತೆ ಎಲ್ಲರ ಜೊತೆಗಿಡಿ, ಆಮೇಲೆ ಬಂದು ಮುಂದಿಂದು ಓದಿ. ಮಷೀನ್ ಕೆಳಗೆ ಮಲಗಿಸಿ ಹೊರಗಿಂದ ಕಿರಣ ಬಿಡೋದು ಅಂದ್ರೆ ಬಿಸಿಲಲ್ಲಿ ನಿಂತ ಹಾಗೆ, ಚರ್ಮ ಸುಡಬಹುದು ಆದ್ರೆ ಮನೆಗೆ ಬಂದ್ಮೇಲೆ ಯಾರ ಮೈಯಿಂದಾನೂ ಬಿಸಿಲು ಸೋರಲ್ಲ. ಮೊಮ್ಮಗು ತೊಡೆ ಮೇಲೇ ಕೂರ್ಲಿ.

ಪಕ್ಕದ ಮನೆಯವರು ಸುಳ್ಳು ಹೇಳಿಲ್ಲ, ಆದ್ರೆ ಅದು ಬೇರೆ ಕಥೆ. ಅಲ್ಲಿ ಕೊಟ್ಟಿದ್ದು ಅಯೋಡಿನ್-131, ವಿಕಿರಣ ಸೂಸೋ ವಸ್ತುವೇ ಹೊಟ್ಟೆಗೆ ಹೋಗಿರತ್ತೆ, ಅದು ಅರಿಶಿನದ ಕೈ ಇದ್ದ ಹಾಗೆ, ಮುಟ್ಟಿದ್ದಕ್ಕೆಲ್ಲ ಅಂಟತ್ತೆ, ಮೂತ್ರ ಬೆವರು ಎಂಜಲು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬರತ್ತೆ. ಎಂಟು ದಿನಕ್ಕೆ ಅದರ ಶಕ್ತಿ ಅರ್ಧ ಆಗತ್ತೆ, ಮೈಯೂ ಹೊರಗೆ ಹಾಕ್ತಾ ಇರತ್ತೆ, ಅದಕ್ಕೇ ಸ್ವಲ್ಪ ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಿ ಅನ್ನೋದು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಸುತ್ತಮುತ್ತ ಇದೇ ಅಯೋಡಿನ್ ಹುಲ್ಲಿಂದ ಹಸುಗೆ, ಹಸುವಿನ ಹಾಲಿಂದ ಮಕ್ಕಳಿಗೆ ಹೋಗಿ, ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಗಿದ್ದು.

ಇನ್ನು ಅತ್ತೆಗೆ ಕೊಡೋ ಕರೆಂಟ್ ಕೆಲಸ ಮಾಡೋದು ಹೇಗೆ ಅಂದ್ರೆ, ಕಿರಣ ಜೀವಕೋಶದ ಒಳಗಿರೋ ಡಿಎನ್‌ಎ ಎಳೆ ಕತ್ತರಿಸತ್ತೆ. ಮೈ ಅದನ್ನ ಹೊಲ್ಕೊಳ್ಳತ್ತೆ, ಆದ್ರೆ ಬೇಗ ಬೇಗ ಒಡೆದು ಹೆಚ್ಚಾಗೋ ಕೋಶಗಳಿಗೆ ಅಷ್ಟು ಪುರುಸೊತ್ತು ಸಿಗಲ್ಲ. ಕ್ಯಾನ್ಸರ್ ಕೋಶ ಅಂಥದ್ದೇ, ಮೂಳೆ ಮಜ್ಜೆ, ಕರುಳಿನ ಒಳಪದರ, ಕೂದಲ ಬುಡ ಕೂಡ ಅಂಥವೇ. ಇಡೀ ಮೈಗೆ ಒಂದೇ ಸಲ 4-5 ಗ್ರೇ (ಮೈ ಹೀರಿಕೊಂಡ ವಿಕಿರಣದ ಅಳತೆ) ಬಿದ್ದು ಚಿಕಿತ್ಸೆ ಸಿಗದಿದ್ರೆ ಅರ್ಧ ಜನ ಉಳಿಯಲ್ಲ. ಅತ್ತೆಗೆ ಒಟ್ಟು ಲೆಕ್ಕ ಅದರ ಎಂಟು ಹತ್ತು ಪಟ್ಟೂ ಇರಬಹುದು! ಗಾಬರಿ ಆಗ್ಬೇಡಿ, ಅದು ಬೀಳೋದು ಎದೆಯ ಒಂದು ಕಡೆ ಮಾತ್ರ, ಅದೂ ದಿನಕ್ಕಿಷ್ಟು ಅಂತ ವಾರಗಟ್ಟಲೆ ಹಂಚಿ, ಒಳ್ಳೆ ಕೋಶ ರಾತ್ರಿ ರಿಪೇರಿ ಮಾಡ್ಕೊಳ್ಳಲಿ ಅಂತ. ಆ ಜಾಗದ ಚರ್ಮ ಕಪ್ಪಾಗತ್ತೆ, ಉರಿಯತ್ತೆ. ಡಾಕ್ಟರ್ ಕೇಳದೆ ಅಲ್ಲಿ ಎಣ್ಣೆ, ಮುಲಾಮು, ಮನೆಮದ್ದು ಏನೂ ಬೇಡ. ಊಟ ಬಿಟ್ಟಿರೋದು ನನಗೆ ಜಾಸ್ತಿ ಚಿಂತೆ, ಮಗೂನ ಕೈಯಲ್ಲೇ ತುತ್ತು ಕೊಡಿಸಿ ನೋಡಿ.

ಪ್ರಶ್ನೆ: ನಂದು ಮಾನ್‌ಖುರ್ದ್‌ನಲ್ಲಿ ಭಂಗಾರ್ (ಗುಜರಿ) ಧಂಧೆ. ಆಸ್ಪತ್ರೆಯ ಹಳೇ ಮಷೀನ್ ಬಂದ್ರೆ ಒಡೀಬಹುದಾ?
– ಗುಜರಿ ವ್ಯಾಪಾರಿ

ಉತ್ತರ: ಬೇಡ ಅಣ್ಣಾ. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರಲ್ಲಿ ಕರೆಂಟ್ ಕೊಡೋ ಹಳೇ ಮಷೀನ್ ಒಂದು ಗುಜರಿಗೆ ಬಂತು, ಒಳಗಿನ ವಿಕಿರಣ ಸೂಸೋ ಸೀಸಿಯಂ-137 ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೀತು ಅಂತ ನೆಂಟರಿಗೆಲ್ಲ ಹಂಚಿದ್ರು, ಮೈಗೆ ಹಚ್ಕೊಂಡ್ರು, ಆರು ವರ್ಷದ ಹುಡುಗಿ ಅದೇ ಕೈಯಲ್ಲಿ ತಿಂಡಿ ತಿಂದ್ಲು. ಆ ಮಗು ಸೇರಿ ನಾಲ್ಕು ಜನ ಹೋದ್ರು, 249 ಜನರ ಮೈಗೆ ಅಂಟಿತ್ತು. ಮೇಲಿನ ಅಕ್ಕನಿಗೆ ಹೇಳಿದ್ನಲ್ಲ, ಅಂಥದ್ದೇ ಮಷೀನ್ ಒಡೆದ ಕ್ಷಣ ಅದರ ಬಿಸಿಲು ಮೈಗಂಟೋ ಅರಿಶಿನ ಆಗೋಯ್ತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರ್ಕೆಟ್‌ನಲ್ಲೂ ಹೀಗೇ ವಿಕಿರಣ ಸೂಸೋ ಕೋಬಾಲ್ಟ್-60 ಇಂದ ಒಬ್ಬರು ಸತ್ರು. ವಿಕಿರಣದ ಎಚ್ಚರಿಕೆ ಕೊಡೋ ಮೂರು ರೆಕ್ಕೆಯ ಚಿಹ್ನೆ ಇದ್ರೆ, ಇಲ್ಲಾ ಗಾತ್ರಕ್ಕಿಂತ ವಿಪರೀತ ಭಾರದ ಸೀಸದ ಡಬ್ಬ ಕಂಡ್ರೆ ಗ್ಯಾಸ್ ಕಟರ್ ಇಡ್ಬೇಡಿ, ಎಲ್ಲರನ್ನೂ ದೂರ ಕಳಿಸಿ ಪೊಲೀಸರಿಗೆ ಫೋನ್ ಮಾಡಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಿಮ್ಮ ಪಕ್ಕದ ಅಣುಶಕ್ತಿ ನಗರದಲ್ಲೇ ಇದೆ.

ಪ್ರಶ್ನೆ: ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಹಿಂದೆ ಕುಡಿಯೋ ನೀರಿಗೇ ಏನೋ ಬೆರೆಸಿದ್ರಂತೆ, ಅದು ಮೈಯಲ್ಲೇ ಉಳಿಯತ್ತಾ?
– ಓದುಗರು, ಚೆಂಬೂರು

ಉತ್ತರ: 2009ರ ನವೆಂಬರ್‌ನಲ್ಲಿ, ವಾಟರ್ ಕೂಲರ್‌ಗೆ ಟ್ರಿಷಿಯಂ (ವಿಕಿರಣ ಸೂಸೋ ಒಂಥರಾ ಹೈಡ್ರೋಜನ್) ಇರೋ ನೀರು ಸೇರಿತ್ತು, ನೌಕರರ ಮೂತ್ರ ಪರೀಕ್ಷೇಲಿ ಗೊತ್ತಾಯ್ತು. ಟ್ರಿಷಿಯಂ ಅರ್ಧ ಆಗೋಕೆ 12 ವರ್ಷ ಬೇಕು, ಆದ್ರೆ ಅದು ನೀರಿನ ಜೊತೆಗೇ ಓಡಾಡೋದ್ರಿಂದ ಮೈಯಿಂದ ಅರ್ಧ ಹೊರಗೆ ಹೋಗೋಕೆ ಸುಮಾರು 10 ದಿನ ಸಾಕು. ಅದಕ್ಕೇ ಡಾಕ್ಟರು ಕೊಟ್ಟ ಮದ್ದು: ಚೆನ್ನಾಗಿ ನೀರು ಕುಡೀರಿ, ಜೊತೆಗೆ ಮೂತ್ರ ಜಾಸ್ತಿ ಆಗೋ ಔಷಧಿ.