ಮಡಚಿಟ್ಟ ಹಾಳೆ: 2:2 ಡಿಗ್ರಿ ಇಟ್ಕೊಂಡು ಮೆಡಿಸಿನ್‌ಗೆ ಅಪ್ಲೈ ಮಾಡಬೋದಾ ಅಂತ ಬಂದ ಹುಡುಗಿ

ಇದು ಇಂಗ್ಲೆಂಡ್‌ನಲ್ಲಿ ನನ್ನ ಹತ್ರ ಸಲಹೆಗೆ ಬಂದ ಒಬ್ಬ ಹುಡುಗಿಯ ಪ್ರಕರಣ. ಆ ಹುಡುಗಿ ಒಪ್ಪಿಗೆ ಕೊಟ್ಟ ಮೇಲೇ ಬರೀತಿದೀನಿ, ಹೆಸರು, ಊರು, ಆಸ್ಪತ್ರೆ ಎಲ್ಲ ಬದಲಾಯಿಸಿದೀನಿ ಇಲ್ಲಾ ಬಿಟ್ಟಿದೀನಿ. ಸಿರಿ ಅಂತ ಕರಿಯೋಣ. ವಯಸ್ಸು 27, ಹುಟ್ಟಿದ್ದು ಹಾಸನದ ಕಡೆ, ಹತ್ತು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದವಳು, ಬಯೋಮೆಡಿಕಲ್ ಸೈನ್ಸ್ ಡಿಗ್ರಿ ಮುಗಿಸಿ ಮೂರು ವರ್ಷದಿಂದ ಒಂದು ಸ್ಟ್ರೋಕ್ ವಾರ್ಡ್‌ನಲ್ಲಿ ಹೆಲ್ತ್‌ಕೇರ್ ಅಸಿಸ್ಟೆಂಟ್ ಆಗಿದಾಳೆ.

ಮೊದಲನೇ ಸಲ ಬಂದಾಗ ನಿದ್ದೆ ಬರ್ತಿಲ್ಲ ಅಂತ ಬಂದಿದ್ಲು. ನೈಟ್ ಶಿಫ್ಟ್ ಮಾಡೋರಿಗೆ ಅದು ಮಾಮೂಲಿ, ಆದ್ರೆ ಇವಳು ರಜಾ ದಿನವೂ ಮಲಗ್ತಿರಲಿಲ್ಲ, ರಾತ್ರಿ ಎರಡು ಗಂಟೆಗೆ ಎದ್ದು ಲ್ಯಾಪ್‌ಟಾಪ್ ತೆಗೆದು ಮೆಡಿಕಲ್ ಸ್ಕೂಲ್‌ಗಳ ಅಡ್ಮಿಷನ್ ಪೇಜ್ ನೋಡೋದು, ಅರ್ಧ ಓದೋದು, ಮುಚ್ಚೋದು. ಎರಡನೇ ಭೇಟಿಯಲ್ಲಿ ಬ್ಯಾಗ್‌ನಿಂದ ಒಂದು ಪ್ರಿಂಟ್ ತೆಗೆದು ಟೇಬಲ್ ಮೇಲಿಟ್ಲು. ಗ್ರಾಜುಯೇಟ್ ಎಂಟ್ರಿ ಮೆಡಿಸಿನ್‌ಗೆ ಏನೇನು ಬೇಕು ಅನ್ನೋ ಹಾಳೆ. ಮೂರು ಮಡಿಕೆ ಮಾಡಿದ್ಲು, ಆ ಮಡಿಕೆ ಎಷ್ಟು ಹಳೇದಾಗಿತ್ತು ಅಂದ್ರೆ ಅಂಚು ಸವೆದು ಬಟ್ಟೆ ಥರ ಆಗಿತ್ತು. ಪೂರ್ತಿ ಬಿಡಿಸಮ್ಮ ಅಂದೆ. ಮೇಲಿನ ಎರಡು ಭಾಗದಲ್ಲಿ ಹೈಲೈಟರ್, ಪೆನ್ಸಿಲ್ ಟಿಪ್ಪಣಿ ಎಲ್ಲ ಇತ್ತು, ಒಳಗೆ ಸಿಕ್ಕಿಕೊಂಡ ಮೂರನೇ ಭಾಗ ಮಾತ್ರ ಖಾಲಿ, ಅಲ್ಲಿ ಡಿಗ್ರಿ ಕ್ಲಾಸ್ ಬಗ್ಗೆ ಬರೆದಿತ್ತು. "ಅಕ್ಕ, ಅದನ್ನ ನಾನು ಇನ್ನೂ ಸರಿಯಾಗಿ ಓದಿಲ್ಲ" ಅಂದ್ಲು. ಎರಡು ವರ್ಷದಿಂದ ಆ ಹಾಳೆ ಅವಳ ಹತ್ರ ಇದೆ.

ಗೊತ್ತಿಲ್ಲದೋರಿಗೆ ಹೇಳ್ಬೇಕು ಅಂದ್ರೆ, ಬ್ರಿಟನ್‌ನಲ್ಲಿ ಪಿಯುಸಿ ಲೆವೆಲ್ ಮುಗಿಸಿ ಸೇರೋ ಮೆಡಿಸಿನ್ ಕೋರ್ಸ್ ಸಾಮಾನ್ಯವಾಗಿ 5 ವರ್ಷ, ಈಗಾಗ್ಲೇ ಒಂದು ಡಿಗ್ರಿ ಇದ್ದೋರಿಗೆ 4 ವರ್ಷದ ಬೇರೆ ದಾರಿ ಇದೆ, ಅದೇ ಗ್ರಾಜುಯೇಟ್ ಎಂಟ್ರಿ. ಸೀಟು ಕಮ್ಮಿ, ಜನ ಜಾಸ್ತಿ, ಅದಕ್ಕೆ ಹೆಚ್ಚಿನ ಕಡೆ 2:1 ಕೇಳ್ತಾರೆ, ಅಂದ್ರೆ 60 ಪರ್ಸೆಂಟ್ ಮೇಲೆ. ಸಿರಿದು 58, ಅದು 2:2. ನಮ್ಮೂರಲ್ಲಿ ಸೆಕೆಂಡ್ ಕ್ಲಾಸ್ ಅಂತೀವಲ್ಲ ಆ ಥರ. ಎ-ಲೆವೆಲ್ (ಇಲ್ಲಿನ ಪಿಯುಸಿ) ಕೆಮಿಸ್ಟ್ರಿಯಲ್ಲಿ ಡಿ ಗ್ರೇಡ್ ಬಂದಿತ್ತು, ಅದೂ ಒಂದು ಕೊರತೆ.

58 ಹೇಗಾಯ್ತು ಅನ್ನೋದೇ ಅಸಲು ಕತೆ. ಫೈನಲ್ ಇಯರ್‌ನಲ್ಲಿ ಅವಳಪ್ಪನಿಗೆ ಬೈಪಾಸ್ ಆಯ್ತು, ಅಮ್ಮನಿಗೆ ಡ್ರೈವಿಂಗ್ ಬರಲ್ಲ, ಇಂಗ್ಲಿಷ್ ಫೋನ್ ಕಾಲ್ ಅಂದ್ರೆ ಹೆದರಿಕೆ, ಎಲ್ಲ ಇವಳ ತಲೆ ಮೇಲೆ. ಯೂನಿವರ್ಸಿಟಿಗೆ ಆಗಲೇ ಒಂದು ಫಾರಂ ಕೊಟ್ಟಿದ್ರೆ ಪರೀಕ್ಷೆ ಮುಂದಕ್ಕೆ ಹಾಕ್ತಿದ್ರೋ ಏನೋ, ಕೊಡಲಿಲ್ಲ, ಮನೆ ವಿಷಯ ಹೊರಗಡೆ ಯಾಕೆ ಹೇಳ್ಕೊಬೇಕು ಅಂತ ಸುಮ್ನಿದ್ಲು. ನಮ್ಮ ಮನೆಗಳ ಮಕ್ಕಳು ಇದನ್ನ ಎಷ್ಟು ಸಲ ಮಾಡ್ತಾರೆ ಅಂದ್ರೆ ನನಗೆ ಸಂಕಟ ಆಗುತ್ತೆ.

ಅವಳ ಪ್ಲಾನ್ ಏನಂದ್ರೆ ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ, ಅಂದ್ರೆ ಅರ್ಜಿ ಜೊತೆ ತನ್ನ ಬಗ್ಗೆ ತಾನೇ ಬರೆಯೋ ಬರಹದಲ್ಲಿ, ಅರ್ಧದಷ್ಟು ಅಪ್ಪನ ಆಪರೇಷನ್ ಕತೆ ಬರೆದು, ಓದಿದೋರು ಕರಗಿ 2:2 ಅನ್ನ 2:1 ಅಂತ ಭಾವಿಸ್ಕೊಳ್ಲಿ ಅಂತ. ಬೇಡ ಅಂದೆ. ಮೆಡಿಕಲ್ ಸ್ಕೂಲ್‌ಗಳು ಸಾಮಾನ್ಯವಾಗಿ ಹೇಳೋದು ಇಷ್ಟೇ, ಆ ಕಷ್ಟವನ್ನ ಡಿಗ್ರಿ ಕೊಟ್ಟ ಯೂನಿವರ್ಸಿಟಿ ಆಗಲೇ ಲೆಕ್ಕಕ್ಕೆ ತಗೊಂಡಿರಬೇಕಿತ್ತು, ನಾವು ಈಗ ಮಾರ್ಕ್ಸ್ ಬದಲಾಯಿಸಕ್ಕಾಗಲ್ಲ. ಎಷ್ಟೋ ಕಡೆ ಮಿನಿಮಮ್ ಇಲ್ಲದ ಅರ್ಜಿ ಮೊದಲನೇ ಜರಡಿಯಲ್ಲೇ ಹೋಗುತ್ತೆ, ಸ್ಟೇಟ್‌ಮೆಂಟ್ ಓದೋ ಮನುಷ್ಯರ ಕೈಗೆ ಬರೋದೇ ಇಲ್ಲ. ಇರೋದು 4,000 ಕ್ಯಾರೆಕ್ಟರ್ ಮಾತ್ರ, ಸ್ಪೇಸ್ ಕೂಡ ಲೆಕ್ಕ. ಅಪ್ಪನ ವಿಷಯ ಎರಡು ಸಾಲಲ್ಲಿ ರೆಫರೆನ್ಸ್ ಬರೆಯೋರು ಹೇಳ್ಲಿ, ನಿನ್ನ ಜಾಗದಲ್ಲಿ ನೀನು ವಾರ್ಡ್‌ನಲ್ಲಿ ಕಲ್ತಿದ್ದು ಬರಿ ಅಂತ ಹೇಳಿದೆ. ತುಂಬ ಹೊತ್ತು ಅತ್ಲು. ಯಾರಾದ್ರೂ ಒಬ್ರು "ನಿನ್ನ ತಪ್ಪಲ್ಲ" ಅಂತ ಬರೆದು ಕೊಡ್ಲಿ ಅಂತ ಕಾಯ್ತಿದ್ಲು, ಅದನ್ನ ಅಡ್ಮಿಷನ್ ಆಫೀಸ್‌ನಿಂದ ನಿರೀಕ್ಷೆ ಮಾಡ್ತಿದ್ಲು. ಆ ಕೆಲಸ ನನ್ನ ಕೋಣೆಯಲ್ಲಿ ಆಗಬೇಕಿತ್ತು, ಅದಕ್ಕೆ ನಾಲ್ಕು ಭೇಟಿ ಹಿಡೀತು.

ಮೂರನೇ ಭೇಟಿಗೆ ಅವಳಪ್ಪ ಬಂದ್ರು. ಮಗಳನ್ನ ಬಿಡಕ್ಕೆ ಬಂದೋರು ಕಾರ್‌ನಲ್ಲೇ ಕೂತಿದ್ರು, ಸಿರಿನೇ ಒಳಗೆ ಕರ್ಕೊಂಡು ಬಂದ್ಲು. "ಮೇಡಂ, ನನ್ನಿಂದಾನೇ ಇವಳ ಮಾರ್ಕ್ಸ್ ಹೋಯ್ತು" ಅಂದ್ರು, ಕೂರೋಕೆ ಮುಂಚೆನೇ. ಇಷ್ಟು ವರ್ಷ ಅವರೂ ಅದನ್ನೇ ಹೊತ್ಕೊಂಡಿದ್ರು, ಮಗಳೂ ಹೊತ್ಕೊಂಡಿದ್ಲು, ಒಂದೇ ಮನೆಯಲ್ಲಿ ಇದ್ದು ಇಬ್ರೂ ಬಾಯಿ ಬಿಟ್ಟಿರಲಿಲ್ಲ. ಅವತ್ತು ನಾನು ಜಾಸ್ತಿ ಮಾತಾಡಲಿಲ್ಲ.

ದಾವಣಗೆರೆಯಲ್ಲಿರೋ ಅವಳ ದೊಡ್ಡಪ್ಪ ಬೇರೆ ಇದರಲ್ಲಿ ಕೈ ಹಾಕಿದ್ರು, ಒಳ್ಳೇ ಮನಸ್ಸಿಂದಾನೇ. "ಊರಿಗೆ ಕಳ್ಸಿ, ಎನ್‌ಆರ್‌ಐ ಕೋಟಾದಲ್ಲಿ ಸೀಟ್ ಮಾಡ್ಸೋಣ" ಅಂತ. ಅದನ್ನೂ ಬಿಡಿಸಿ ನೋಡಿದ್ವಿ. ಭಾರತದಲ್ಲಿ ಡಿಗ್ರಿ ಆದೋರಿಗೆ ಅಂತ ಚಿಕ್ಕ ಎಂಬಿಬಿಎಸ್ ಇಲ್ಲ, ಎಲ್ಲರಿಗೂ ನಾಲ್ಕೂವರೆ ವರ್ಷ ಓದು ಮತ್ತೆ ಒಂದು ವರ್ಷ ಇಂಟರ್ನ್‌ಶಿಪ್. ಎನ್‌ಆರ್‌ಐ ಸೀಟಿಗೂ ನೀಟ್ ಪಾಸ್ ಆಗ್ಲೇಬೇಕು, ನೀಟ್‌ಗೆ ಪಿಯುಸಿ ಮಟ್ಟದಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು, ಸಿರಿ ಎ-ಲೆವೆಲ್‌ನಲ್ಲಿ ಫಿಸಿಕ್ಸ್ ತಗೊಂಡೇ ಇಲ್ಲ, ಮ್ಯಾಥ್ಸ್ ತಗೊಂಡಿದ್ಲು. ಅಷ್ಟೆಲ್ಲ ಮುಗಿಸಿ ಇಲ್ಲಿಗೆ ವಾಪಸ್ ಬಂದ್ರೆ ಇಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ಲೈಸೆನ್ಸ್ ಪರೀಕ್ಷೆ ಬೇರೆ. ಇದನ್ನೆಲ್ಲ ಒಂದು ಪೇಪರ್‌ನಲ್ಲಿ ಬರೆದು ದೊಡ್ಡಪ್ಪನಿಗೆ ವಾಟ್ಸಾಪ್ ಮಾಡು ಅಂದೆ, ಮಾಡಿದ್ಲು, ಅವರೂ ಒಪ್ಪಿದ್ರು.

ಇನ್ನೊಬ್ಬ ಸಂಬಂಧಿಕರು ಹೇಳಿದ ಮಾತು ಮಾತ್ರ ನನಗೆ ಭಯ ತರಿಸ್ತು: ಕೆಮಿಸ್ಟ್ರಿ ಡಿ ಅನ್ನೋದನ್ನ ಫಾರಂನಲ್ಲಿ ಹಾಕ್ಲೇಬೇಡ ಅಂತ. ಇಲ್ಲಿ ಅಪ್ಲಿಕೇಷನ್ ಎಲ್ಲ ಹೋಗೋದು ಯೂಕಾಸ್ ಮೂಲಕ, ಅಲ್ಲಿ ಫೇಲ್ ಆಗಿದ್ದು ಸೇರಿ ಎಲ್ಲ ರಿಸಲ್ಟ್ ಹಾಕಬೇಕು. ಮುಚ್ಚಿಟ್ಟಿದ್ದು ಸಿಕ್ಕಿಬಿದ್ರೆ ಸೀಟ್ ಹೋಗುತ್ತೆ, ಡಾಕ್ಟರ್ ಆಗೋರಿಗೆ ಪ್ರಾಮಾಣಿಕತೆ ಅನ್ನೋದು ರಿಜಿಸ್ಟ್ರೇಷನ್‌ನ ಷರತ್ತೇ, ಆ ಕಪ್ಪು ಚುಕ್ಕೆ ಜೊತೇಲೇ ಬರುತ್ತೆ. ಇಲ್ಲಿ ನಾನು ಸಲಹೆ ಕೊಡೋ ಧಾಟಿ ಬಿಟ್ಟು ಖಡಾಖಂಡಿತವಾಗಿ ಹೇಳಿದೆ, ಡಿ ಅಂತಾನೇ ಬರಿ.

ಆಮೇಲೆ ಹಾಳೆ ಪೂರ್ತಿ ಬಿಡಿಸಿಟ್ಟು ಕೂತ್ವಿ. ನಾನು ಅವಳಿಗೆ ತೋರಿಸಬೇಕು ಅಂತಿದ್ದಿದ್ದು ಇದು: ಒಂದು ಕಾಲೇಜಿನಲ್ಲಿ ಮುಚ್ಚಿದ ಬಾಗಿಲು ಇನ್ನೊಂದರಲ್ಲಿ ಮುಚ್ಚಿರಲ್ಲ, "ನಂಗೆ ಅರ್ಹತೆ ಇಲ್ಲ" ಅಂತ ಒಂದೇ ಮಾತಲ್ಲಿ ತೀರ್ಮಾನ ಮಾಡೋ ಹಾಗಿಲ್ಲ, ಒಂದೊಂದು ಕಡೆಯ ರೂಲ್ ಒಂದೊಂದು. ವಾರ್ವಿಕ್ ಯೂನಿವರ್ಸಿಟಿಯ ಕೋರ್ಸ್ ಬರೀ ಗ್ರಾಜುಯೇಟ್‌ಗಳಿಗೇ ಇರೋದು, ಯಾವ ಸಬ್ಜೆಕ್ಟ್ ಡಿಗ್ರಿ ಆದ್ರೂ ಸರಿ, 2:2 ಇದ್ರೆ ಜೊತೆಗೆ ಮಾಸ್ಟರ್ಸ್ ಅಥವಾ ಪಿಎಚ್‌ಡಿ ಬೇಕು. ನಾಟಿಂಗ್‌ಹ್ಯಾಮ್ ನಾವು ನೋಡಿದಾಗ 2:2 ಇದ್ದೋರನ್ನೂ ತಗೊಳ್ತಿತ್ತು, ಆದ್ರೆ ಗ್ಯಾಮ್‌ಸ್ಯಾಟ್ ಅನ್ನೋ ಎಂಟ್ರೆನ್ಸ್ ಪರೀಕ್ಷೆಯ ಸ್ಕೋರ್ ಚೆನ್ನಾಗಿರಬೇಕು. ಕೆಲವು ಕಡೆ ಎ-ಲೆವೆಲ್ ಕೆಮಿಸ್ಟ್ರಿ ಕೇಳ್ತಾರೆ, ಅವನ್ನ ಕೆಂಪು ಪೆನ್ನಲ್ಲಿ ಹೊಡೆದು ಹಾಕಿದ್ವಿ. ಹೊಡೆದು ಹಾಕ್ತಾ ಹೋದಂಗೆ ಅವಳ ಮುಖ ಸಡಿಲ ಆಗ್ತಾ ಬಂತು, ಅದು ನನಗೆ ಚೆನ್ನಾಗಿ ನೆನಪಿದೆ.

ಯೂಕಾಸ್‌ನಲ್ಲಿ ಮೆಡಿಸಿನ್‌ಗೆ ನಾಲ್ಕೇ ಚಾಯ್ಸ್, ಕೊನೇ ದಿನ ಅಕ್ಟೋಬರ್ 15ರ ಸುಮಾರಿಗೆ, ಬೇರೆ ಕೋರ್ಸ್‌ಗಳಿಗಿಂತ ಮೂರು ತಿಂಗಳು ಮುಂಚೆ. ಎಂಟ್ರೆನ್ಸ್ ಎರಡು ಥರ. ಯುಕ್ಯಾಟ್ ಬೇಸಿಗೆಯಲ್ಲಿ ವರ್ಷಕ್ಕೆ ಒಂದೇ ಸಲ ಬರೀಬೋದು, ಸ್ಕೋರ್ ಆ ವರ್ಷಕ್ಕೆ ಮಾತ್ರ. ಗ್ಯಾಮ್‌ಸ್ಯಾಟ್ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಒಂದು ಭಾಗ ಓದಿ ಅರ್ಥ ಮಾಡ್ಕೊಳ್ಳೋದು, ಒಂದು ಭಾಗ ಎರಡು ಪ್ರಬಂಧ, ಇನ್ನೊಂದು ಸೈನ್ಸ್, ಆ ಸೈನ್ಸ್‌ನಲ್ಲಿ 40 ಪರ್ಸೆಂಟ್ ಕೆಮಿಸ್ಟ್ರಿ. ಅವಳು ಬಿಟ್ಟು ಓಡಿಬಂದಿದ್ದ ಕೆಮಿಸ್ಟ್ರಿ ಇಲ್ಲಿ ಸಿಕ್ಕಿತು, ಕಲೀಲೇಬೇಕು. ಸಿರಿ ನನ್ನ ಹತ್ರ ಬಂದಿದ್ದು ಆಗಸ್ಟ್‌ನಲ್ಲಿ, ಸೆಪ್ಟೆಂಬರ್ ಗ್ಯಾಮ್‌ಸ್ಯಾಟ್ ರಿಜಿಸ್ಟ್ರೇಷನ್ ಮುಗಿದು ಹೋಗಿತ್ತು. ಈ ವರ್ಷನೇ ಹೇಗಾದ್ರೂ ಹಾಕ್ಬಿಡ್ತೀನಿ ಅಂತ ಹಠ ಮಾಡಿದ್ಲು. ನಾಲ್ಕು ಕಡೆಯಲ್ಲಿ ಮೂರು ಕಡೆ ಮಿನಿಮಮ್ ಇಲ್ಲ, ಆ ಮೂರು ರಿಜೆಕ್ಷನ್ ಬರೋದು ಖಚಿತ, ಅದನ್ನ ನಿನ್ನ ಮನಸ್ಸು ಏನಂತ ಓದುತ್ತೆ ಹೇಳು ಅಂತ ಕೇಳಿದೆ. ಸುಮ್ನಾದ್ಲು. ಆ ವರ್ಷ ಹಾಕಲಿಲ್ಲ.

ದುಡ್ಡಿನ ಲೆಕ್ಕ ಬೇಗ ಹೇಳ್ಬಿಡ್ತೀನಿ, ಯಾಕಂದ್ರೆ ಇದರಲ್ಲಿ ಎಡವೋರು ಬಹಳ. ಎರಡನೇ ಡಿಗ್ರಿ ಅಂತ 5 ವರ್ಷದ ಕೋರ್ಸ್‌ಗೆ ಹೋದ್ರೆ ಇಂಗ್ಲೆಂಡ್‌ನಲ್ಲಿ ಟ್ಯೂಷನ್ ಫೀಸ್ ಸಾಲ ಸಿಗಲ್ಲ, ಮೊದಲ ನಾಲ್ಕು ವರ್ಷ ಪೂರ್ತಿ ಕೈಯಿಂದ. 4 ವರ್ಷದ ಗ್ರಾಜುಯೇಟ್ ಎಂಟ್ರಿಗೆ ಮಾತ್ರ ಇಲ್ಲಿ ನೆಲೆಸಿದ ಹೋಮ್ ಸ್ಟೂಡೆಂಟ್‌ಗೆ ಮೊದಲ ವರ್ಷ ಫೀಸಿನ ಒಂದು ಭಾಗ ಕೈಯಿಂದ, ಉಳಿದಿದ್ದು ಸಾಲ, ಎರಡನೇ ವರ್ಷದಿಂದ ಫೀಸಿನ ಒಂದು ಭಾಗ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕೊಡುತ್ತೆ. ಭಾರತದಿಂದ ಸ್ಟೂಡೆಂಟ್ ವೀಸಾದಲ್ಲಿ ಬರೋರಿಗೆ ಇದ್ಯಾವುದೂ ಇಲ್ಲ, ಅವರ ಲೆಕ್ಕವೇ ಬೇರೆ, ಸಿರಿ ಕತೆ ಓದಿ ಯಾರೂ ಅದೇ ಲೆಕ್ಕ ಹಾಕ್ಬೇಡಿ.

ಮಾಸ್ಟರ್ಸ್‌ಗೆ ಸೇರಿದ್ಲು, ವಾರಕ್ಕೆ ಎರಡು ಶಿಫ್ಟ್ ಇಟ್ಕೊಂಡು. ಸೇರೋಕೆ ಮುಂಚೆ ಅವಳ ಕೈಯಲ್ಲಿ ನಾನು ಮಾಡಿಸಿದ ಒಂದೇ ಕೆಲಸ ಇ-ಮೇಲ್. "ನಾನು ಅಪ್ಲೈ ಮಾಡಬೋದಾ" ಅಂತ ಕೇಳಿದ್ರೆ "ವೆಬ್‌ಸೈಟ್ ನೋಡಿ" ಅಂತ ಉತ್ತರ ಬರುತ್ತೆ. ಅದಕ್ಕೆ ಹೀಗೆ ಬರೆಸಿದೆ: ನನ್ನ ಮೊದಲ ಡಿಗ್ರಿ 2:2, ಮಾಸ್ಟರ್ಸ್‌ಗೆ ಸೇರ್ತಿದೀನಿ, ಅಪ್ಲೈ ಮಾಡೋ ದಿನ ಅದರ ರಿಸಲ್ಟ್ ಕೈಲಿರಲ್ಲ, ಕೋರ್ಸ್ ಶುರುವಾಗೋ ಹೊತ್ತಿಗೆ ಇರುತ್ತೆ, ಹೀಗಿದ್ರೆ ಪರಿಗಣಿಸ್ತೀರಾ, ಯಾವ ಗ್ರೇಡ್ ಬೇಕು. ಒಂದು ಕಡೆಯಿಂದ ಮುಗಿದ ಮೇಲೇ ಬನ್ನಿ ಅಂತ ಬಂತು, ಇನ್ನೊಂದು ಕಡೆಯಿಂದ ಷರತ್ತಿನ ಮೇಲೆ ನೋಡ್ತೀವಿ ಅಂತ. ಎರಡೂ ಇ-ಮೇಲ್ ಪ್ರಿಂಟ್ ಮಾಡಿ ಆ ಹಾಳೆಗೆ ಪಿನ್ ಹೊಡೆದಿದಾಳೆ. ಅಡ್ಮಿಷನ್ ರೂಲ್ ವರ್ಷಕ್ಕೊಂದ್ಸಲ ಬದಲಾಗುತ್ತೆ, ಅದಕ್ಕೆ ಬರವಣಿಗೆಯಲ್ಲಿ ಬಂದ ಉತ್ತರ ಇಟ್ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳ್ತೀನಿ.

ಸ್ಟೇಟ್‌ಮೆಂಟ್ ಬರೆಯೋವಾಗ ಮತ್ತೆ ಸಿಕ್ಕಿಹಾಕ್ಕೊಂಡ್ಲು, "ನಾನು ಮಾಡೋದು ಬರೀ ಆಯಾ ಕೆಲಸ, ಅದರಲ್ಲಿ ಬರೆಯಕ್ಕೆ ಏನಿದೆ" ಅಂತ. ನೆನ್ನೆ ರಾತ್ರಿ ಏನು ಮಾಡ್ದೆ ಹೇಳು ಅಂದೆ. ಸ್ಟ್ರೋಕ್ ಆದೋರಿಗೆ ನುಂಗೋಕೆ ತೊಂದರೆ ಇರುತ್ತೆ, ನೀರು ತೆಳ್ಳಗಿದ್ರೆ ಶ್ವಾಸಕೋಶಕ್ಕೆ ಇಳಿದುಬಿಡುತ್ತೆ, ಅದಕ್ಕೆ ಟೀಗೂ ಪುಡಿ ಬೆರೆಸಿ ಗಟ್ಟಿ ಮಾಡ್ತಾರೆ. ಒಬ್ರು ವಯಸ್ಸಾದೋರು ಆ ಟೀ ಬೇಡ ಅಂತ ಮುಖ ತಿರುಗಿಸಿದ್ರಂತೆ. ಇವಳು ಪುಡಿ ಚಮಚ ಎಣಿಸಿ ಹಾಕಿ, ಕಲಸಿ, ಗಂಟು ಕಟ್ಟದ ಹಾಗೆ ನೋಡಿ, ಅವರ ತಲೆ ಎತ್ತಿ ಕೂರಿಸಿ, ಒಂದೊಂದು ಗುಟುಕು ನುಂಗಿದ್ರಾ ಅಂತ ಗಂಟಲು ನೋಡ್ತಾ ನಲವತ್ತು ನಿಮಿಷ ಕೂತಿದಾಳೆ, ಕೊನೆಗೆ ಅವರ ಧ್ವನಿ ಒದ್ದೆಯಾಗಿ, ಗಂಟಲಲ್ಲಿ ನೀರು ನಿಂತ ಹಾಗೆ ಕೇಳ್ತಿದೆ ಅನ್ನಿಸಿ ನರ್ಸ್‌ನ ಕರೆದಿದಾಳೆ. ಇದನ್ನ ಬರಿ, ಹೀಗೇ ಬರಿ, "ಸಹಾನುಭೂತಿ" ಅನ್ನೋ ಪದ ಒಂದು ಸಲವೂ ಬೇಡ ಅಂದೆ.

ಮಾರ್ಚ್ ಗ್ಯಾಮ್‌ಸ್ಯಾಟ್ ಸಾಧಾರಣ ಆಯ್ತು, ಸೈನ್ಸ್ ಭಾಗ ಕಮ್ಮಿ, ಪ್ರಬಂಧ ಅವಳೇ ನಂಬದಷ್ಟು ಚೆನ್ನಾಗಿ ಬಂತು. ಸೈನ್ಸ್‌ಗೋಸ್ಕರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ ಬರೆದ್ಲು. ಎರಡು ಮೆಡಿಸಿನ್ ಚಾಯ್ಸ್ ಮಾತ್ರ ಹಾಕಿದ್ಲು, ಎರಡೂ ಅವಳ ಅರ್ಜಿ ಮೊದಲನೇ ಜರಡಿಯಲ್ಲೇ ಹೋಗದಿರೋ ಕಡೆ, ಉಳಿದ ಜಾಗದಲ್ಲಿ ಬೇರೆ ಕೋರ್ಸ್ ಹಾಕೋ ಅವಕಾಶ ಇದ್ದಿದ್ದಕ್ಕೆ ನರ್ಸಿಂಗ್ ಹಾಕಿದ್ಲು, ಅದನ್ನ ಅವಳೇ ಯೋಚನೆ ಮಾಡಿ ಹಾಕಿದ್ದು. ಅಮ್ಮನಿಗೆ ಅದು ಇಷ್ಟ ಆಗಲಿಲ್ಲ, ಈಗಲೂ ಪೂರ್ತಿ ಆಗಿಲ್ಲ. ಅಕ್ಟೋಬರ್ 9ಕ್ಕೆ ಅಪ್ಲಿಕೇಷನ್ ಕಳಿಸಿ ನನಗೆ ಮೆಸೇಜ್ ಮಾಡಿದ್ಲು, "ಅಕ್ಕ ಕಳ್ಸ್ದೆ, ಕೆಮಿಸ್ಟ್ರಿ ಡಿ ಅಂತಾನೇ ಹಾಕಿದೀನಿ, ಈಗ ಮಲಗ್ತೀನಿ". ನಾನು ಇದನ್ನ ಬರೀತಿರೋ ಹೊತ್ತಿಗೆ ಇಂಟರ್‌ವ್ಯೂ ಪತ್ರ ಇನ್ನೂ ಬಂದಿಲ್ಲ. ಗುರುವಾರದ ನೈಟ್ ಶಿಫ್ಟ್‌ಗೆ ಹೋಗ್ತಿದಾಳೆ.