ಸೌರಶಕ್ತಿ ಪೇಟೆಂಟ್‌ಗಳ ಒಲವು ತಿಳಿಯಲು ಟೆಕ್ಸ್ಟ್ ಮೈನಿಂಗ್ ಎಷ್ಟರಮಟ್ಟಿಗೆ ನೆರವಾಗುತ್ತದೆ?

ಸೌರಶಕ್ತಿಯ ಪೇಟೆಂಟ್‌ಗಳನ್ನು ರಾಶಿಯಾಗಿ ಇಳಿಸಿಕೊಂಡು, ಅವುಗಳ ಪಠ್ಯವನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿಯೇ (ಇದೇ ಟೆಕ್ಸ್ಟ್ ಮೈನಿಂಗ್) ಯಾವ ತಂತ್ರಜ್ಞಾನ ಮೇಲೇರುತ್ತಿದೆ, ಯಾವುದು ಹಿಂದೆ ಸರಿಯುತ್ತಿದೆ ಎಂದು ಹೇಳಬಹುದೇ, ಅದಕ್ಕೆ ಯಾವ ಅಲ್ಗಾರಿದಂ ಸೂಕ್ತ ಎಂದು ತಾವು ಕೇಳಿದ್ದೀರಿ. ಹೇಳಬಹುದು. ಆದರೆ ಈ ಬಗೆಯ ವಿಶ್ಲೇಷಣೆಯಲ್ಲಿ ನಾನು ಕಂಡಂತೆ, ಯಾವ ದಾಖಲೆಗಳನ್ನು ಸೇರಿಸಿದಿರಿ, ಅವನ್ನು ಹೇಗೆ ಎಣಿಸಿದಿರಿ ಎಂಬುದರ ಮುಂದೆ ಅಲ್ಗಾರಿದಂನ ಆಯ್ಕೆ ಸಣ್ಣ ವಿಷಯ.

‘ಸೋಲಾರ್’ ಎಂಬ ಪದವೊಂದನ್ನೇ ಹುಡುಕಿದರೆ ಎರಡೂ ಕಡೆ ನಷ್ಟವಾಗುತ್ತದೆ. ಜಪಾನಿನಿಂದ ಬಂದ ಅನೇಕ ಪೇಟೆಂಟ್‌ಗಳು ಸೌರಕೋಶವನ್ನು ‘ಫೋಟೋಎಲೆಕ್ಟ್ರಿಕ್ ಕನ್ವರ್ಶನ್ ಎಲಿಮೆಂಟ್’ ಎಂದು ಕರೆಯುವುದರಿಂದ ತಪ್ಪಿಹೋಗುತ್ತವೆ. ವಿದ್ಯುತ್ತಿಗಾಗಿ ಒಂದು ಫಲಕವನ್ನು ಅಂಟಿಸಿಕೊಂಡ ಉದ್ಯಾನದ ದೀಪಗಳು ಮಾತ್ರ ಸಲೀಸಾಗಿ ಒಳಬರುತ್ತವೆ. ಆದ್ದರಿಂದ ಪದಗಳ ಜೊತೆಗೆ ಪ್ರತಿ ಪೇಟೆಂಟಿಗೂ ವಿಷಯದ ಸಂಕೇತ ನೀಡುವ ಸಿಪಿಸಿ ವರ್ಗೀಕರಣವನ್ನೂ ಬಳಸಬೇಕು: ಫೋಟೋವೋಲ್ಟಾಯಿಕ್‌ಗೆ (ಬೆಳಕಿನಿಂದ ನೇರವಾಗಿ ವಿದ್ಯುತ್) ವೈ02ಇ 10/50, ಸೌರ ಉಷ್ಣಕ್ಕೆ ವೈ02ಇ 10/40, ಫಲಕಗಳಿಗೆ ಎಚ್02ಎಸ್. ಸಂಕೇತಗಳೂ ಬದಲಾಗುತ್ತವೆ ಎಂಬುದನ್ನು ಮರೆಯಬಾರದು. ಬಹುಕಾಲ ಎಚ್01ಎಲ್ 31ರಲ್ಲಿದ್ದ ಸೌರಕೋಶಗಳು 2025ರಲ್ಲಿ ಎಚ್10ಎಫ್‌ಗೆ ಹೋದವು. ಹಳೆಯ ಸಂಕೇತವನ್ನಷ್ಟೇ ನೆಚ್ಚಿಕೊಂಡ ರೇಖಾಚಿತ್ರದಲ್ಲಿ ಇಡೀ ಕ್ಷೇತ್ರವೇ ಕುಸಿದಂತೆ ಕಂಡೀತು.

ಒಂದೇ ಆವಿಷ್ಕಾರಕ್ಕೆ ಹಲವು ದೇಶಗಳಲ್ಲಿ ಅರ್ಜಿ ಸಲ್ಲಿಸುವುದು ರೂಢಿಯಾದ್ದರಿಂದ, ಒಂದು ಪೇಟೆಂಟ್ ಕುಟುಂಬಕ್ಕೆ ಒಂದೇ ದಾಖಲೆಯನ್ನು ಇಟ್ಟುಕೊಂಡು ಅದರ ಮೊದಲ ಅರ್ಜಿಯ ದಿನಾಂಕದಿಂದ ವರ್ಷವನ್ನು ನಿರ್ಧರಿಸಿ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳ ನಂತರವೇ ಪ್ರಕಟವಾಗುತ್ತವೆ. ಹೀಗಾಗಿ ಕೊನೆಯ ಎರಡು ವರ್ಷಗಳ ಇಳಿಕೆಗೆ ಅರ್ಥ ಹುಡುಕಬೇಡಿ. ಚೀನಾದ ಕಿರು ಪೇಟೆಂಟ್‌ಗಳಾದ ಯುಟಿಲಿಟಿ ಮಾಡೆಲ್‌ಗಳನ್ನು ಆಳವಾದ ಪರಿಶೀಲನೆಯಿಲ್ಲದೆ ನೀಡಲಾಗುತ್ತದೆ, ಸಂಖ್ಯೆಯೂ ಅಪಾರ. ಅವನ್ನು ಬೇರೆಯಾಗಿಯೇ ಎಣಿಸುವುದು ಲೇಸು.

ಪಠ್ಯವನ್ನು ಶುದ್ಧಗೊಳಿಸುವ ಹಂತಕ್ಕೆ ಅತಿ ಹೆಚ್ಚು ಸಮಯ ಕೊಡಿ. ಆವಿಷ್ಕಾರದ ಹಕ್ಕಿನ ವ್ಯಾಪ್ತಿಯನ್ನು ಹೇಳುವ ಕ್ಲೇಮ್‌ಗಳ ಭಾಷೆ ವಕೀಲರ ಭಾಷೆ. ‘ಕಂಪ್ರೈಸಿಂಗ್’, ‘ವೇರಿನ್’, ‘ಪ್ಲೂರಾಲಿಟಿ’ ಮುಂತಾದವನ್ನು ನೀವೇ ಪಟ್ಟಿ ಮಾಡಿ ತೆಗೆಯದಿದ್ದರೆ, ಎಣಿಕೆಯಲ್ಲಿ ಅವೇ ಮೇಲೆ ಬಂದು ಕೂರುತ್ತವೆ. ಇದಕ್ಕೆ ತದ್ವಿರುದ್ಧವಾಗಿ ‘ಬ್ಯಾಕ್’ ಎಂಬ ಸಾಮಾನ್ಯ ಪದವನ್ನು ಕಳೆದುಕೊಂಡರೆ ವಿದ್ಯುತ್ ಸಂಪರ್ಕಗಳನ್ನು ಕೋಶದ ಹಿಂಬದಿಯಲ್ಲಿಡುವ ‘ಬ್ಯಾಕ್ ಕಾಂಟ್ಯಾಕ್ಟ್’ ಎಂಬ ಒಂದು ತಂತ್ರಜ್ಞಾನವೇ ಮಾಯವಾಗುತ್ತದೆ. ಆದ್ದರಿಂದ ಇಂಥ ಜೋಡಿಪದಗಳನ್ನು ಮೊದಲು ಬೆಸೆದು, ಅನಗತ್ಯ ಪದಗಳನ್ನು ಆಮೇಲೆ ತೆಗೆಯಿರಿ. ರಾಸಾಯನಿಕ ಸೂತ್ರಗಳನ್ನು ಅಂಕಿಗಳ ಬಳಿ ತುಂಡರಿಸುವ ಟೋಕನೈಸರ್‌ಗಳ (ಪಠ್ಯವನ್ನು ಪದಗಳಾಗಿ ಬಿಡಿಸುವ ತಂತ್ರಾಂಶಗಳ) ಮೇಲೂ ಒಂದು ಕಣ್ಣಿರಲಿ.

ಇನ್ನು ದಾಖಲೆಗಳನ್ನು ಅವುಗಳ ಪದಗಳನ್ನು ನೋಡಿ ವಿಷಯವಾರು ಗುಂಪು ಮಾಡುವ ಮಾದರಿಯ ಮಾತು. ಎಲ್‌ಡಿಎ ಅಥವಾ ಎನ್‌ಎಂಎಫ್‌ನಿಂದ ಆರಂಭಿಸಿದರೆ ಸಾಕು. ಭಾಷಾ ಮಾದರಿಯನ್ನು ಬಳಸಿ ಅದೇ ಕೆಲಸ ಮಾಡುವ ಬರ್ಟಾಪಿಕ್ ಆಮೇಲೆ ಇದ್ದೇ ಇದೆ. ಇದಕ್ಕಿಂತ ಮುಖ್ಯವಾದದ್ದು ಎಲ್ಲ ವರ್ಷಗಳನ್ನೂ ಒಟ್ಟಿಗೆ ಹಾಕಿ ಒಂದೇ ಮಾದರಿಯನ್ನು ಓಡಿಸಬಾರದು ಎಂಬುದು. ಪೆರೊವ್‌ಸ್ಕೈಟ್‌ನ ಕಥೆಯನ್ನೇ ನೋಡಿ; ಇದು ಸೌರಕೋಶದಲ್ಲಿ ಬೆಳಕನ್ನು ಹೀರುವ ಒಂದು ಹರಳು ರಚನೆಯ ವಸ್ತು. 2009ರಲ್ಲಿ ಜಪಾನಿನ ಮಿಯಾಸಾಕಾ ಅವರ ತಂಡ ಅದನ್ನು ಬಳಸಿದ್ದು ಡೈ-ಸೆನ್ಸಿಟೈಸ್ಡ್ ಕೋಶದಲ್ಲಿ (ಬಣ್ಣವೊಂದು ಬೆಳಕನ್ನು ಹೀರುವ ಸೌರಕೋಶ) ಬಣ್ಣದ ಬದಲಿಗೆ. ದಕ್ಷತೆ ಶೇ 3.8 ಮಾತ್ರ. ಹಾಗಾಗಿ ಆರಂಭದ ದಾಖಲೆಗಳಲ್ಲಿ ಟೈಟಾನಿಯಂ ಡೈಆಕ್ಸೈಡ್, ಎಲೆಕ್ಟ್ರೋಲೈಟ್‌ಗಳಂಥ ಹಳೆಯ ಶಾಖೆಯ ಪದಗಳೇ ತುಂಬಿರುವುದು ಸಹಜ, ಮಾದರಿಯೂ ಅವನ್ನು ಹಳೆಯ ಗುಂಪಿಗೇ ಸೇರಿಸುತ್ತದೆ. ನಾಲ್ಕೈದು ವರ್ಷಗಳ ಕಂತುಗಳಾಗಿ ಪ್ರತ್ಯೇಕವಾಗಿ ಓಡಿಸಿ ಒಂದು ಕಂತಿನ ಗುಂಪು ಮುಂದಿನದರಲ್ಲಿ ಎಲ್ಲಿ ಕವಲೊಡೆಯಿತು ಎಂದು ಹೋಲಿಸಿದರೆ ಮಾತ್ರ ಹೊಸ ಶಾಖೆ ಬೇರ್ಪಟ್ಟ ಕಾಲ ಕಣ್ಣಿಗೆ ಬೀಳುತ್ತದೆ. ನನ್ನ ಮಟ್ಟಿಗೆ ಈ ಇಡೀ ವಿಧಾನದ ಬೆಲೆ ಇರುವುದೇ ಇಲ್ಲಿ, ಏಕೆಂದರೆ ಯಾವ ವರ್ಷ ಎಷ್ಟು ಅರ್ಜಿಗಳು ಬಂದವು ಎಂಬ ಲೆಕ್ಕಕ್ಕೆ ಪಠ್ಯವನ್ನು ಓದುವ ಅಗತ್ಯವೇ ಇಲ್ಲ.

ರೇಖಾಚಿತ್ರದಲ್ಲಿ ಬರಿಯ ಸಂಖ್ಯೆಯ ಬದಲು ಆ ವರ್ಷದ ಒಟ್ಟು ಸೌರ ಪೇಟೆಂಟ್‌ಗಳಲ್ಲಿ ಪ್ರತಿ ವಿಷಯದ ಪಾಲನ್ನು ತೋರಿಸಿ, ಪ್ರತಿ ಗುಂಪಿನಿಂದ ಕೆಲವು ದಾಖಲೆಗಳನ್ನು ಸ್ವತಃ ಓದಿ. ಪೆರೊವ್‌ಸ್ಕೈಟ್‌ನ ಪಾಲು 2012ರ ನಂತರ ಏರುವುದು ನಿಮ್ಮ ಚಿತ್ರದಲ್ಲಿ ಕಾಣದಿದ್ದರೆ, ಮಾದರಿಯನ್ನು ಬದಲಿಸುವ ಮೊದಲು ಹುಡುಕಾಟದ ಸೂತ್ರವನ್ನು ಮತ್ತೆ ಪರಿಶೀಲಿಸಿ.